ಮರೆಯೂ ಮರೆವೂ

ಚಿತ್ರಕಲೆಯ ವಿಷಯವಾಗಿ ನಮ್ಮ ಗೃಹಸ್ಥರಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಯೊಂದುಂಟು. ವೃತ್ತಪತ್ರಿಕೆಯಲ್ಲಿ ಯಾವುದೋ ದೂರದೇಶದ ಚಿತ್ರವೊಂದು ಅಚ್ಚಾಗಿರುತ್ತದೆ. ಅದರಲ್ಲಿ ಮನುಷ್ಯನಿಲ್ಲ, ಮರವಿಲ್ಲ, ಮನೆಯಿಲ್ಲ. ಬಣ್ಣದ ಮೇಲೆ ಬಣ್ಣವನ್ನು ಬಳಿದು ಎಳೆದಿರುತ್ತದೆ. ಕೆಳಗೆ, ಅದು ಇಷ್ಟು ಕೋಟಿಗೆ ಮಾರಾಟವಾಯಿತೆಂದು ಬರೆದಿರುತ್ತದೆ. ಮನೆಯ ಹಿರಿಯರು, “ಇದು ಯಾವುದರ ಚಿತ್ರ?” ಎಂದು ಕೇಳುವರು. ಕಾಲೇಜಿನಲ್ಲಿ ಓದುವ ಮಗನು ತಿಳಿದವನಂತೆ, “ಇದು ಅಮೂರ್ತಕಲೆ, ಇದನ್ನು ಹಾಗೆ ಕೇಳಬಾರದು” ಎನ್ನುವನು. ಹಿರಿಯರು ನಕ್ಕು ಹಾಳೆಯನ್ನು ಮಗುಚುವರು. ಒಬ್ಬರಿಗೆ ಪರಿಹಾಸ್ಯ, ಮತ್ತೊಬ್ಬನಿಗೆ ಮರ್ಯಾದೆ. ಚಿತ್ರವನ್ನು ಮಾತ್ರ ಇಬ್ಬರೂ ನೋಡಿರುವುದಿಲ್ಲ.

ಹಿರಿಯರ ಪ್ರಶ್ನೆಯು ಹಾಸ್ಯಾಸ್ಪದವೆಂದು ನಾವು ಎಣಿಸುವುದಿಲ್ಲ. ಚಿತ್ರವನ್ನು ಕಂಡೊಡನೆ ಅದರಲ್ಲಿ ಏನಿದೆಯೆಂದು ಕೇಳುವುದು ಮನುಷ್ಯಸ್ವಭಾವ. ಮಗನ ಮಾತಾದರೋ ಉತ್ತರವೇ ಅಲ್ಲ. ಅದು ಬಾಗಿಲಿಗೆ ಹಾಕಿದ ಅಗುಳಿ. ಆದುದರಿಂದ ಈ ತಿಂಗಳು ನಾವು ಅಮೂರ್ತಕಲೆಯ ಸಿದ್ಧಾಂತಗಳನ್ನೆಲ್ಲ ಬದಿಗಿಟ್ಟು, ಆ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡಬಲ್ಲ ಒಬ್ಬ ಚಿತ್ರಕಾರರ ಕೆಲಸವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ. ಅವರೇ ಜರ್ಮನಿಯ ಗೆರ್ಹಾರ್ಡ್ ರಿಖ್ಟರರು. ನಮ್ಮ ಕಾಲದ ಚಿತ್ರಕಾರರಲ್ಲಿ ಅವರಷ್ಟು ಪ್ರಸಿದ್ಧರಾದವರು ವಿರಳ. ಅವರ ಚಿತ್ರವೊಂದು ೨೦೧೫ರಲ್ಲಿ ಲಂಡನ್ ನಗರದ ಹರಾಜಿನಲ್ಲಿ ಮೂರು ಕೋಟಿ ಪೌಂಡುಗಳಿಗೂ ಮೇಲ್ಪಟ್ಟು ಬೆಲೆಗೆ ಹೋಯಿತು. ಆದರೆ ನಾವು ಹೇಳಹೊರಟಿರುವುದು ಆ ಚಿತ್ರವನ್ನು ಕುರಿತಲ್ಲ. ಮಾರುವುದಿಲ್ಲವೆಂದು ಅವರೇ ನಿಶ್ಚಯಿಸಿದ ನಾಲ್ಕು ಚಿತ್ರಗಳನ್ನು ಕುರಿತು.

ಮೊದಲು ಶಬ್ದವನ್ನು ವಿಚಾರಿಸೋಣ. ಆಕೃತಿಯುಳ್ಳದ್ದು ಮೂರ್ತ, ಇಲ್ಲದ್ದು ಅಮೂರ್ತ. ಯಾವ ವಸ್ತುವಿನ ಆಕಾರವನ್ನೂ ತೋರಿಸದ ಚಿತ್ರಕ್ಕೆ ಈ ಹೆಸರು ಸಂದಿದೆ. ಇದು ನಮಗೆ ತೀರ ಅಪರಿಚಿತವಾದುದೇನೂ ಅಲ್ಲ. ಪ್ರತಿದಿನ ಪ್ರಾತಃಕಾಲದಲ್ಲಿ ಹೊಸ್ತಿಲ ಮುಂದೆ ಚುಕ್ಕೆಗಳನ್ನಿಟ್ಟು ಎಳೆಗಳನ್ನು ಸುತ್ತುವಾಗ, ಅದು ಯಾವುದರ ಚಿತ್ರವೆಂದು ಮನೆಯೊಡತಿಯನ್ನು ಯಾರೂ ಕೇಳುವುದಿಲ್ಲ. ಆದರೆ ರಂಗವಲ್ಲಿಯು ಅಲಂಕಾರ; ಮಂಗಳಾರ್ಥವಾಗಿ ಹುಟ್ಟಿದುದು. ರಿಖ್ಟರರ ಚಿತ್ರಗಳ ಸಂಗತಿ ಬೇರೆ. ಅವುಗಳಲ್ಲಿ ಮುಖ್ಯವಾದ ಕೆಲವು, ಮೊದಲು ಮೂರ್ತವಾಗಿಯೇ ಬರೆಯಲು ಯತ್ನಿಸಿ, ಬರೆಯಲಾಗದೆ ಅಮೂರ್ತಕ್ಕೆ ತಿರುಗಿದವು. ಏಕೆ ಬರೆಯಲಾಗಲಿಲ್ಲವೆಂಬುದರಲ್ಲಿಯೇ ನಮ್ಮ ವಿಷಯದ ಮರ್ಮವಿದೆ.

ರಿಖ್ಟರರು ೧೯೩೨ನೆಯ ಇಸವಿ ಫೆಬ್ರವರಿ ೯ರಂದು ಡ್ರೆಸ್ಡೆನ್ ನಗರದಲ್ಲಿ ಹುಟ್ಟಿದರು. ಅವರ ತಂದೆ ಶಾಲೆಯ ಉಪಾಧ್ಯಾಯರು. ಮರುವರ್ಷವೇ ಹಿಟ್ಲರನು ಅಧಿಕಾರಕ್ಕೆ ಬಂದನು. ಉಪಾಧ್ಯಾಯರೂ ಆತನ ಪಕ್ಷವನ್ನು ಸೇರಿದರು, ಸೈನ್ಯಕ್ಕೂ ಹೋದರು. ಯುದ್ಧವು ಮುಗಿದಮೇಲೆ ಸೆರೆಯಿಂದ ಬಿಡುಗಡೆ ಹೊಂದಿ ಬಂದಾಗ, ಪಕ್ಷದಲ್ಲಿದ್ದರೆಂಬ ಕಾರಣದಿಂದ ಪಾಠ ಹೇಳುವ ವೃತ್ತಿಗೆ ಹಿಂದಿರುಗಲಾಗಲಿಲ್ಲ. ತಾಯಿಯ ತಮ್ಮ ರೂಡಿ ಸೈನಿಕನಾಗಿ ಯುದ್ಧದಲ್ಲಿ ಮಡಿದನು. ತಾಯಿಯ ತಂಗಿ ಮರಿಯಾನೆ ಎಂಬಾಕೆಗೆ ಚಿತ್ತವಿಕಲತೆಯುಂಟೆಂದು ವೈದ್ಯರು ನಿರ್ಣಯಿಸಿದರು. ಅಂಥವರು ರಾಷ್ಟ್ರಕ್ಕೆ ಭಾರವೆಂಬುದು ನಾಜಿಗಳ ಮತವಾಗಿದ್ದುದರಿಂದ, ಆಕೆಗೆ ಸಂತಾನವಾಗದಂತೆ ಬಲಾತ್ಕಾರದಿಂದ ಶಸ್ತ್ರಚಿಕಿತ್ಸೆ ಮಾಡಿ, ಕಡೆಗೆ ೧೯೪೫ರ ಫೆಬ್ರವರಿಯಲ್ಲಿ ಗ್ರೋಸ್‌ಶ್ವೈಡ್ನಿಟ್ಸ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಆಹಾರವನ್ನು ಕುಂದಿಸಿ, ಔಷಧವನ್ನು ಮಿತಿಮೀರಿ ಕೊಟ್ಟು ಕೊಂದರು. ಡ್ರೆಸ್ಡೆನ್ ನಗರವು ಆಕಾಶದಿಂದ ಬಿದ್ದ ಬಾಂಬುಗಳಿಗೆ ತುತ್ತಾದದ್ದೂ ಅದೇ ತಿಂಗಳಿನಲ್ಲಿ.

ಹೀಗೆ ಒಂದೇ ಮನೆಯಲ್ಲಿ ಆ ದುಷ್ಟರಾಜ್ಯಕ್ಕೆ ಸೇವೆ ಸಲ್ಲಿಸಿದವರೂ ಇದ್ದರು, ಅದರಿಂದ ಹತರಾದವರೂ ಇದ್ದರು. ನಮ್ಮ ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಹೇಳುವುದೆಲ್ಲಕ್ಕೂ ಇದೇ ಬುನಾದಿ.

ಯುದ್ಧಾನಂತರ ಜರ್ಮನಿಯು ಎರಡು ಹೋಳಾದಾಗ ಡ್ರೆಸ್ಡೆನ್ ನಗರವು ಪೂರ್ವದ ಸಾಮ್ಯವಾದಿ ರಾಜ್ಯಕ್ಕೆ ಸೇರಿತು. ತರುಣ ರಿಖ್ಟರರು ಅಲ್ಲಿಯ ಕಲಾಶಾಲೆಯಲ್ಲಿ ಭಿತ್ತಿಚಿತ್ರವನ್ನು ಅಭ್ಯಾಸಮಾಡಿ, ೧೯೫೬ರಲ್ಲಿ ಆ ನಗರದ ಆರೋಗ್ಯಶಾಸ್ತ್ರ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಜೀವನದ ಆನಂದವನ್ನು ಕುರಿತ ದೊಡ್ಡ ಚಿತ್ರವೊಂದನ್ನು ಬರೆದರು. ಸರಕಾರವು ಬಯಸಿದಂತೆ ಅದರಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು, ಎಲ್ಲರೂ ಸುಖಿಗಳಾಗಿದ್ದರು. ೧೯೫೯ರಲ್ಲಿ ಪಶ್ಚಿಮದ ಕಾಸೆಲ್ ನಗರದ ಪ್ರದರ್ಶನದಲ್ಲಿ ಅಮೆರಿಕದ ಪೊಲಾಕ್, ಇಟಲಿಯ ಫೊಂಟಾನಾ ಮೊದಲಾದವರ ನಿರಾಕಾರಚಿತ್ರಗಳನ್ನು ಕಂಡು ಅವರ ಮನಸ್ಸು ತಾನು ಮಾಡುತ್ತಿದ್ದ ಕೆಲಸದಲ್ಲಿ ನಿಲ್ಲಲಿಲ್ಲ. ೧೯೬೧ರಲ್ಲಿ, ಬರ್ಲಿನ್ ಗೋಡೆಯು ಏಳುವುದಕ್ಕೆ ಕೆಲವೇ ತಿಂಗಳುಗಳ ಹಿಂದೆ, ಪತ್ನಿಯೊಡನೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋದರು. ಅವರು ಬಿಟ್ಟುಹೋದ ಆನಂದದ ಚಿತ್ರಕ್ಕೆ ೧೯೭೯ರಲ್ಲಿ ಬಣ್ಣ ಬಳಿದು ಮುಚ್ಚಿದರು. ೨೦೨೪ರಲ್ಲಿ ತಜ್ಞರು ಮೇಲಣ ಪದರವನ್ನು ಸೂಕ್ಷ್ಮವಾಗಿ ಕೆರೆದು, ಕೆಳಗಿದ್ದ ಚಿತ್ರದ ಕೆಲವು ಭಾಗಗಳನ್ನು ಬೆಳಕಿಗೆ ತಂದರು. ಮುಚ್ಚಿದುದು ಅಳಿದಿರಲಿಲ್ಲ.

ಪಶ್ಚಿಮಕ್ಕೆ ಬಂದಮೇಲೆ ರಿಖ್ಟರರು ಕೈಗೊಂಡ ಪದ್ಧತಿಯು ವಿಲಕ್ಷಣವಾದುದು. ವೃತ್ತಪತ್ರಿಕೆಗಳಲ್ಲಿಯೂ ಮನೆಯ ಸಂಪುಟಗಳಲ್ಲಿಯೂ ಇರುವ ಸಾಧಾರಣ ಛಾಯಾಚಿತ್ರಗಳನ್ನು ಆರಿಸಿ, ಅವುಗಳನ್ನು ಎಣ್ಣೆಬಣ್ಣದಲ್ಲಿ ಇದ್ದುದಿದ್ದಂತೆ ಬರೆಯುವರು. ಬಣ್ಣವು ಹಸಿಯಾಗಿರುವಾಗಲೇ ಒಣಕುಂಚವನ್ನು ಅಡ್ಡಲಾಗಿ ಎಳೆದು ಎಲ್ಲವನ್ನೂ ಮಸುಕುಗೊಳಿಸುವರು. ಹೀಗೆ ೧೯೬೫ರಲ್ಲಿ ಎರಡು ಚಿತ್ರಗಳು ಹುಟ್ಟಿದವು. ಒಂದರಲ್ಲಿ, ಸೈನಿಕರ ನಿಲುವಂಗಿಯನ್ನು ತೊಟ್ಟು ನಗುತ್ತ ನಿಂತ ಮಾಮ ರೂಡಿ. ಮತ್ತೊಂದರಲ್ಲಿ, ಹದಿಹರೆಯದ ಚಿಕ್ಕಮ್ಮ ಮರಿಯಾನೆ. ಆಕೆಯ ಮುಂದೆ ಮಲಗಿರುವ ಹಸುಳೆಯೇ ರಿಖ್ಟರರು. ರೂಡಿಯ ಚಿತ್ರವನ್ನು ಅವರು ಚೆಕ್ ದೇಶದ ಲಿಡಿಟ್ಸೆ ಗ್ರಾಮದ ಸ್ಮಾರಕಸಂಗ್ರಹಕ್ಕೆ ಕೊಟ್ಟರು. ಅದು ೧೯೪೨ರಲ್ಲಿ ನಾಜಿಗಳು ಗಂಡಸರನ್ನೆಲ್ಲ ಕೊಂದು ನೆಲಸಮ ಮಾಡಿದ ಹಳ್ಳಿ. ತನ್ನ ಮಾಮನನ್ನು ಆ ಸತ್ತವರ ಊರಿನಲ್ಲಿ ತಂದು ನಿಲ್ಲಿಸಿದುದು ಸಾಮಾನ್ಯವಾದ ಕಾರ್ಯವಲ್ಲ.

ಇದೇ ಕಾಲದ ಇನ್ನೊಂದು ಚಿತ್ರವನ್ನು ಇಲ್ಲಿ ಹೇಳಲೇಬೇಕು. ೧೯೬೪ರಲ್ಲಿ ರಿಖ್ಟರರು ತಮ್ಮ ಪತ್ನಿಯ ಮನೆಯ ಹಳೆಯ ಛಾಯಾಚಿತ್ರವೊಂದನ್ನು ಬರೆದರು: ಕಡಲತೀರದಲ್ಲಿ ತಂದೆ, ತಾಯಿ, ಮಕ್ಕಳು ನಗುತ್ತಿರುವರು. ಸಂಸಾರಸುಖದ ಚಿತ್ರವೆಂದರೆ ಅದೇ. ಆ ನಗುವ ತಂದೆಯು ವೈದ್ಯ; ಹಿಟ್ಲರನ ಕರಾಳ ದಳದಲ್ಲಿದ್ದು, ಬಲಾತ್ಕಾರದ ಸಂತಾನಹರಣ ಚಿಕಿತ್ಸೆಗಳಲ್ಲಿ ಕೈಯಿಟ್ಟಿದ್ದವನು. ಮರಿಯಾನೆಗೆ ಯಾವ ಕಾನೂನಿನಿಂದ ಕೇಡಾಯಿತೋ ಆ ಕಾನೂನನ್ನು ನಡಸಿದವರಲ್ಲಿ ಒಬ್ಬನು ತನ್ನ ಮಾವನೇ ಎಂಬ ಸಂಗತಿಯು ಒಬ್ಬ ಪತ್ರಿಕಾಕರ್ತನ ಶೋಧನೆಯಿಂದ ಈ ಶತಮಾನದ ಮೊದಲ ದಶಕದಲ್ಲಿ ಬೈಲಾಯಿತು. ಚಿತ್ರವನ್ನು ಬರೆದು ಆಗ ನಾಲ್ವತ್ತು ವರ್ಷಗಳಾಗಿದ್ದವು.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರ್ತಚಿತ್ರವು ಸತ್ಯವನ್ನು ತೋರಿಸುತ್ತದೆ, ಅಮೂರ್ತಚಿತ್ರವು ಮರೆಮಾಡುತ್ತದೆ ಎಂಬುದು ನಮ್ಮೆಲ್ಲರ ಸಹಜವಾದ ನಂಬಿಕೆ. ಆ ಕಡಲತೀರದ ಚಿತ್ರದಲ್ಲಿ ಮುಖವಿತ್ತು, ನಗುವಿತ್ತು, ಮರಳಿತ್ತು. ತಿಳಿಯಬೇಕಾದುದೊಂದು ಮಾತ್ರ ಇರಲಿಲ್ಲ. ಕಣ್ಣಿಗೆ ಕಾಣುವಂತೆ ಬರೆದುದೇ ಅತ್ಯಂತ ಗಟ್ಟಿಯಾದ ಮರೆಯಾಯಿತು. ಡ್ರೆಸ್ಡೆನ್ ಗೋಡೆಯ ಮೇಲಣ ಆನಂದವೂ ಅಂಥದೇ ಮರೆ. ಆದುದರಿಂದ ಆಕೃತಿಯುಂಟೋ ಇಲ್ಲವೋ ಎಂಬುದರಿಂದ ಚಿತ್ರದ ಸತ್ಯಾಸತ್ಯಗಳು ನಿರ್ಣಯವಾಗಲಾರವು.

೧೯೭೦ರ ದಶಕದ ನಡುವಿನಿಂದ ರಿಖ್ಟರರು ಅಮೂರ್ತಚಿತ್ರಗಳನ್ನು ಹೇರಳವಾಗಿ ಬರೆಯತೊಡಗಿದರು. ೧೯೮೦ರ ದಶಕದಿಂದ ಅವರ ಮುಖ್ಯ ಸಾಧನವು ಕುಂಚವಲ್ಲ; ಹಿಡಿಯುಳ್ಳ ಉದ್ದನೆಯದೊಂದು ಪಟ್ಟಿ. ಗಾರೆಯವನು ಗೋಡೆಯನ್ನು ನುಣುಪು ಮಾಡಲು ಹಲಗೆಯನ್ನು ಎಳೆಯುವುದನ್ನು ನಾವೆಲ್ಲ ಕಂಡಿದ್ದೇವೆ, ಸುಮಾರಾಗಿ ಹಾಗೆಯೇ. ಪಟ್ಟಿಯ ಅಂಚಿಗೆ ಬಣ್ಣವನ್ನು ಸವರಿ, ಹಸಿಬಣ್ಣ ಬಳಿದ ಬಟ್ಟೆಯ ಮೇಲೆ ಒತ್ತಿ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆಯುವರು. ಕೆಲವೆಡೆ ಹೊಸಬಣ್ಣವು ಅಂಟುತ್ತದೆ. ಕೆಲವೆಡೆ ಕೆಳಗಿನದು ಕಿತ್ತು ಬರುತ್ತದೆ. ಕೆಲವೆಡೆ ಮೂರು ಪದರಗಳ ಹಿಂದಿನದು ಇಣಿಕುತ್ತದೆ. ಮುಂದೇನಾಗುವುದೆಂದು ಎಳೆಯುವವನಿಗೂ ಪೂರ್ತಿಯಾಗಿ ತಿಳಿಯದು. ಆಮೇಲೆ ದಿನಗಟ್ಟಲೆ ನೋಡುವರು; ಒಪ್ಪಿಗೆಯಾಗದಿದ್ದರೆ ಮತ್ತೆ ಬಳಿಯುವರು, ಮತ್ತೆ ಎಳೆಯುವರು. ಈ ಕ್ರಮವನ್ನು ತೋರಿಸುವ ಚಲಚ್ಚಿತ್ರವೊಂದು ೨೦೧೧ರಲ್ಲಿ ಬಂದಿದೆ. ಅದನ್ನು ನೋಡಿದವರು, ಇದನ್ನು ಮಗುವೂ ಮಾಡಬಹುದೆಂದು ಹೇಳಲಾರರು. ಬಳಿಯುವುದನ್ನು ಮಗುವೂ ಮಾಡೀತು. ತೃಪ್ತಿಯಿಲ್ಲದೆ ಅಷ್ಟು ಸಲ ಅಳಿಸುವುದನ್ನು ಮಾಡಲಾರದು.

ಕಲೋನ್ ನಗರದ ಮಹಾದೇವಾಲಯದ ಕಿಟಕಿಯ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿಯ ದಕ್ಷಿಣಭಾಗದ ದೊಡ್ಡ ಕಿಟಕಿಯ ಹಳೆಯ ಗಾಜು ಯುದ್ಧದಲ್ಲಿ ನಾಶವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಧರ್ಮಕ್ಕಾಗಿ ಪ್ರಾಣವಿತ್ತವರ ರೂಪಗಳನ್ನು ಅದರಲ್ಲಿ ಬರೆಯಬೇಕೆಂದು ದೇವಾಲಯದವರು ಮೊದಲು ಕೇಳಿದರು. ರಿಖ್ಟರರು ಯತ್ನಿಸಿ ನೋಡಿ, ತನ್ನಿಂದಾಗದೆಂದು ಕೈಬಿಟ್ಟರು. ಅದಕ್ಕೆ ಬದಲಾಗಿ ೭೨ ಬಣ್ಣಗಳ, ೧೧,೦೦೦ಕ್ಕೂ ಮಿಕ್ಕ ಗಾಜಿನ ಚೌಕಗಳನ್ನು ಬಹುಮಟ್ಟಿಗೆ ಗಣಕಯಂತ್ರದ ಯಾದೃಚ್ಛಿಕ ಕ್ರಮದಂತೆ ಜೋಡಿಸಿದರು. ೨೦೦೭ರಲ್ಲಿ ಅದು ಪೂರ್ಣವಾಯಿತು. ಅದಕ್ಕಾಗಿ ಅವರು ಸಂಭಾವನೆಯನ್ನು ತೆಗೆದುಕೊಳ್ಳಲಿಲ್ಲ. ಇದು ಬೇರೆ ಮತದವರ ಪ್ರಾರ್ಥನಾಮಂದಿರಕ್ಕೆ ಒಪ್ಪುವಂಥದೆಂದು ಅಲ್ಲಿಯ ಧರ್ಮಾಧ್ಯಕ್ಷರು ಅಸಮಾಧಾನಪಟ್ಟರು. ಬಿಸಿಲು ಬಂದಾಗ ಮಾತ್ರ ಕಲ್ಲಿನ ನೆಲದ ಮೇಲೆ ಬಣ್ಣಗಳು ಬಿದ್ದು, ನಿಂತವರ ಮೈಮೇಲೆಯೂ ಹರಡುತ್ತವೆ, ಅದಕ್ಕೆ ಮತಭೇದವಿಲ್ಲ.

ಇನ್ನು ಆ ನಾಲ್ಕು ಚಿತ್ರಗಳ ವಿಷಯ. ಪೋಲಂಡಿನ ಔಷ್ವಿಟ್ಸ್ ಬಂದೀಶಿಬಿರದಲ್ಲಿ ನಾಜಿಗಳು ಸುಮಾರು ೧೧ ಲಕ್ಷ ಜನರನ್ನು ಕೊಂದರು. ಅವರಲ್ಲಿ ಬಹುಭಾಗ ಯೆಹೂದ್ಯರು. ಕೊಲೆಯ ಮುಖ್ಯಸ್ಥಾನದ ಹೆಸರು ಬಿರ್ಕೆನೌ. ಭೂರ್ಜವೃಕ್ಷಗಳ ಬಯಲು ಎಂದು ಅದರ ಅರ್ಥ. ವಿಷಾನಿಲದಿಂದ ಸತ್ತವರ ಶವಗಳನ್ನು ಸುಡುವ ಕೆಲಸವನ್ನು ಬಂದಿಗಳಲ್ಲಿಯೇ ಕೆಲವರಿಂದ ಬಲಾತ್ಕಾರವಾಗಿ ಮಾಡಿಸುತ್ತಿದ್ದರು. ೧೯೪೪ರ ಆಗಸ್ಟಿನಲ್ಲಿ ಈ ನತದೃಷ್ಟರು ಗುಟ್ಟಾಗಿ ಛಾಯಾಗ್ರಾಹಕ ಯಂತ್ರವೊಂದನ್ನು ಒಳಕ್ಕೆ ತರಿಸಿಕೊಂಡು, ಜೀವದ ಹಂಗು ತೊರೆದು ಚಿತ್ರಗಳನ್ನು ತೆಗೆದರು, ನಾಲ್ಕು ಉಳಿದಿವೆ. ತೆಗೆದವನು ಗ್ರೀಸ್ ದೇಶದ ಯೆಹೂದ್ಯನಾದ ಆಲ್ಬರ್ಟೋ ಎರ್ರೇರಾ ಎಂಬುದು ಬಹುಜನರ ಅಭಿಪ್ರಾಯ. ಸುರುಳಿಯನ್ನು ಹಲ್ಲುಜ್ಜುವ ಲೇಪದ ಕೊಳವೆಯೊಳಗೆ ಅಡಗಿಸಿ ಕ್ರಾಕೋವ್ ನಗರದ ಗುಪ್ತವಿರೋಧಿಗಳಿಗೆ ಸಾಗಿಸಿದರು. ಎರಡು ಚಿತ್ರಗಳನ್ನು ಕತ್ತಲೆಯ ಬಾಗಿಲೊಳಗಿಂದ ತೆಗೆದಿದೆ. ಹೊರಗೆ ಹೊಗೆಯ ನಡುವೆ ಶವಗಳು. ಒಂದರಲ್ಲಿ ಮರಗಳ ಕೆಳಗೆ, ಸಾವಿನತ್ತ ಅಟ್ಟಲ್ಪಡುತ್ತಿರುವ ವಿವಸ್ತ್ರರಾದ ಸ್ತ್ರೀಯರು. ನಾಲ್ಕನೆಯದರಲ್ಲಿ ಮರದ ಕೊಂಬೆಗಳೂ ಆಕಾಶವೂ ಹೊರತು ಮತ್ತೇನೂ ಇಲ್ಲ.

ಆ ನಾಲ್ಕನೆಯ ಚಿತ್ರವನ್ನು ಕುರಿತು ನಾವು ಬಹಳ ಯೋಚಿಸಿದ್ದೇವೆ. ಅದರಲ್ಲಿ ಯಾವ ಸಾಕ್ಷ್ಯವೂ ಕಾಣದು. ಆದರೂ ಅದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ಯಂತ್ರವನ್ನು ಕಣ್ಣಿಗೆ ಹಿಡಿದು ಗುರಿನೋಡುವಷ್ಟು ಅವಕಾಶವೂ ಆ ಮನುಷ್ಯನಿಗಿರಲಿಲ್ಲವೆಂಬುದನ್ನು ಆ ಬರಿದಾದ ಕೊಂಬೆಗಳು ಹೇಳುತ್ತವೆ. ಏನನ್ನೂ ತೋರಿಸದೆ ಇರುವುದೇ ಅಲ್ಲಿಯ ಭಯವನ್ನು ತೋರಿಸುತ್ತಿದೆ.

ಇಂಥ ಚಿತ್ರಗಳನ್ನು ರಿಖ್ಟರರು ೧೯೬೦ರ ದಶಕದಿಂದಲೇ ಸಂಗ್ರಹಿಸಿಟ್ಟಿದ್ದರು. ಆದರೆ ಶಿಬಿರಗಳ ದೃಶ್ಯಗಳನ್ನು ಚಿತ್ರವಾಗಿ ಬರೆಯಲು ಕೈಬರಲಿಲ್ಲ. ೧೯೯೦ರ ದಶಕದಲ್ಲಿ ಬರ್ಲಿನ್ನಿನ ಸಂಸದ್ಭವನದ ಮುಖಮಂಟಪಕ್ಕೆ ಕೃತಿಯೊಂದನ್ನು ರಚಿಸುವ ಸಂದರ್ಭ ಬಂದಾಗಲೂ ಅದೇ ವಿಷಯವನ್ನು ಆಲೋಚಿಸಿ ಬಿಟ್ಟರು. ೧೯೯೯ರಲ್ಲಿ ಅಲ್ಲಿ ನಿಂತುದು ರಾಷ್ಟ್ರಧ್ವಜದ ಕಪ್ಪು, ಕೆಂಪು, ಹೊನ್ನಿನ ಬಣ್ಣಗಳುಳ್ಳ ಎತ್ತರವಾದ ಗಾಜು. ಕಡೆಗೆ ೨೦೧೪ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಬಿರ್ಕೆನೌ ಶಿಬಿರದ ಆ ನಾಲ್ಕು ಛಾಯಾಚಿತ್ರಗಳನ್ನು ನಾಲ್ಕು ದೊಡ್ಡ ಬಟ್ಟೆಗಳ ಮೇಲೆ ಗೆರೆಯೆಳೆದು ಬರೆಯಲಾರಂಭಿಸಿದರು. ಬಟ್ಟೆಗಳು ಒಂದೊಂದೂ ೨೬೦ ಸೆಂಟಿಮೀಟರ್ ಎತ್ತರ, ೨೦೦ ಸೆಂಟಿಮೀಟರ್ ಅಗಲ. ಬರೆಯುತ್ತ ಹೋದಂತೆ, ಇದು ಸಲ್ಲದೆಂದು ಅವರಿಗೆ ಮನವರಿಕೆಯಾಯಿತು. ಆಗ ಬಟ್ಟೆಗಳನ್ನು ಹರಿದೆಸೆಯಲಿಲ್ಲ. ಅವುಗಳ ಮೇಲೆಯೇ ಕಪ್ಪು, ಬಿಳುಪು, ಬೂದಿಬಣ್ಣಗಳನ್ನೂ ನಡುನಡುವೆ ಕೆಂಪು ಹಸುರುಗಳನ್ನೂ ಪದರಪದರವಾಗಿ ಎಳೆದರು. ಗೆರೆಗಳು ಪೂರ್ತಿಯಾಗಿ ಮರೆಯಾದವು. ಆ ಕೃತಿಗೆ ‘ಬಿರ್ಕೆನೌ’ ಎಂದೇ ಹೆಸರು.

ಇಲ್ಲಿಗೆ ಬಂದಮೇಲೆ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಹೆಸರನ್ನು ತಿಳಿಯದವನು ಈ ಚಿತ್ರಗಳನ್ನು ನೋಡಿದರೆ ಮಳೆಗೆ ಕೊಳೆತ ಗೋಡೆಯೆಂದೋ ಸುಟ್ಟ ಕಾಡೆಂದೋ ಎಣಿಸಿಯಾನು. ಅಷ್ಟು ಜನರ ಸಾವನ್ನು ಬಣ್ಣದಲ್ಲಿ ಮುಳುಗಿಸಿ ಚಂದದ ವಸ್ತುವನ್ನಾಗಿ ಮಾಡುವುದು ಧರ್ಮವೇ? ಅಲ್ಲದೆ, ಮುಚ್ಚುವುದು ಕೊಲೆಗಾರರ ವಿದ್ಯೆಯಲ್ಲವೇ? ೧೯೪೫ರ ಜನವರಿಯಲ್ಲಿ ಶತ್ರುಸೈನ್ಯವು ಸಮೀಪಿಸಿದಾಗ ನಾಜಿಗಳು ಬಿರ್ಕೆನೌ ಶಿಬಿರದ ದಹನಗೃಹಗಳನ್ನು ಸಿಡಿಮದ್ದಿನಿಂದ ಉಡಾಯಿಸಿ ಕುರುಹನ್ನು ಅಳಿಸಲು ನೋಡಿದರು. ಒಬ್ಬನು ಪ್ರಾಣವನ್ನು ಪಣವಾಗಿಟ್ಟು ಹೊರಗೆ ಕಳಿಸಿದ ಚಿತ್ರವನ್ನು ಮತ್ತೊಬ್ಬನು, ಅದೂ ಜರ್ಮನಿಯವನೇ, ಬಣ್ಣದಿಂದ ಮುಚ್ಚುವುದೆಂದರೇನು? ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು.

ಇದಕ್ಕೆ ಸಮಾಧಾನವನ್ನು ಹುಡುಕುವಾಗ ನಮ್ಮ ನಾಟ್ಯಶಾಸ್ತ್ರದ ನಿಯಮವೊಂದು ನೆನಪಿಗೆ ಬರುತ್ತದೆ. ಯುದ್ಧ, ಮರಣ, ನಗರದ ಮುತ್ತಿಗೆ ಮೊದಲಾದುವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದು. ಪ್ರವೇಶಕಾದಿಗಳಲ್ಲಿ ಬೇರೆ ಪಾತ್ರಗಳ ಮಾತಿನಿಂದ ಸೂಚಿಸಬೇಕೆಂದು ಭರತಮುನಿಯ ವಿಧಿ. ಭಾಸನದೆಂದು ಪ್ರಸಿದ್ಧವಾದ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಸಾಯುವುದುಂಟು; ಆದರೆ ಅಲ್ಲಿಯೂ ತೊಡೆ ಮುರಿದ ಗದಾಯುದ್ಧವು ನಮಗೆ ಕಾಣುವುದಿಲ್ಲ, ಮೂವರು ಭಟರ ವರ್ಣನೆಯಿಂದ ತಿಳಿಯುತ್ತದೆ. ಪ್ರಾಚೀನರಿಗೆ ಸಾವಿನ ಭಯವಿತ್ತೆಂದು ಇದರ ಅರ್ಥವಲ್ಲ. ಕೆಲವು ಸಂಗತಿಗಳನ್ನು ಕಣ್ಣಮುಂದೆ ಮಾಡಿ ತೋರಿಸಿದರೆ ನೋಡುವವನು ಅದನ್ನು ಆಟವೆಂದು ತಿಳಿಯುತ್ತಾನೆ. ತೋರಿಸದೆ ಸೂಚಿಸಿದರೆ ಅದು ಅವನ ಮನಸ್ಸಿನೊಳಗೆ ನಡೆಯುತ್ತದೆ. ವೇಷಧಾರಿಯ ಸಾವು ನೋಟಕ್ಕೆ ಒಗ್ಗಿಹೋಗುವಂತೆ, ಚಿತ್ರಿಸಿದ ಶವರಾಶಿಯೂ ಒಗ್ಗಿಹೋಗುತ್ತದೆ. ಮೃತರನ್ನು ಎರಡನೆಯ ಸಲ ನೋಟದ ವಸ್ತುವಾಗಿ ಮಾಡಲೊಲ್ಲದ ಸಂಕೋಚವು ರಿಖ್ಟರರ ಕೈಯನ್ನು ತಡೆಯಿತೆಂದು ನಮ್ಮ ತಿಳಿವಳಿಕೆ.

ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಧ್ವನಿಯ ಮಾರ್ಗ. ಆದರೆ ಆನಂದವರ್ಧನಾದಿಗಳು ಮತ್ತೊಂದನ್ನೂ ಒಪ್ಪುತ್ತಾರೆ: ವಾಚ್ಯಾರ್ಥದ ಆಧಾರವಿಲ್ಲದೆ ವ್ಯಂಗ್ಯಾರ್ಥವು ಹೊಳೆಯಲಾರದು. ದೀಪವನ್ನೇ ಒಡೆದು ಬೆಳಕನ್ನು ಹುಡುಕಿದರೆ ಸಿಕ್ಕುವುದು ಕತ್ತಲೆ. ಬರಿಯ ಬಣ್ಣದ ಬಟ್ಟೆಗಳನ್ನು ತೂಗುಹಾಕಿ, ಅವುಗಳ ಕೆಳಗೆ ಏನಿದೆಯೆಂದು ಹೇಳದೆ ಬಿಟ್ಟಿದ್ದರೆ ಪೂರ್ವಪಕ್ಷದವರೇ ಗೆಲ್ಲುತ್ತಿದ್ದರು. ರಿಖ್ಟರರು ಹಾಗೆ ಬಿಡಲಿಲ್ಲ. ೨೦೧೫ರಲ್ಲಿ ಡ್ರೆಸ್ಡೆನ್ನಿನಲ್ಲಿ ಮೊದಲಸಲ ತೋರಿಸಿದಾಗ ಚಿತ್ರಗಳಿಗೆ ವಿಶೇಷನಾಮವಿರಲಿಲ್ಲ. ಅನಂತರ ಶಿಬಿರದ ಹೆಸರನ್ನೇ ಇಟ್ಟರು. ಚಿತ್ರಗಳ ಬಳಿಯಲ್ಲಿಯೇ ಆ ನಾಲ್ಕು ಛಾಯಾಚಿತ್ರಗಳ ಪ್ರತಿಗಳನ್ನು, ಮೂಲದಂತೆ ಚಿಕ್ಕದಾಗಿ, ಇರಿಸುವ ಏರ್ಪಾಡಾಯಿತು. ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ೨೦೨೩ರಲ್ಲಿ ಪ್ರದರ್ಶಿಸಿದಾಗ ಎದುರಿಗೆ ಬೂದಿಬಣ್ಣದ ದೊಡ್ಡ ಕನ್ನಡಿಯನ್ನೂ ನಿಲ್ಲಿಸಿದ್ದರು. ಕನ್ನಡಿಯತ್ತ ತಿರುಗಿದವನಿಗೆ ಆ ಕಪ್ಪು ಬಣ್ಣದ ನಡುವೆ ತನ್ನ ಮುಖವೇ ಕಾಣುವುದು. ಸಂಸದ್ಭವನದಲ್ಲಿ ರಾಷ್ಟ್ರಧ್ವಜದ ಗಾಜಿಗೆ ಎದುರಾಗಿ ೨೦೧೭ರಲ್ಲಿ ಈ ಚಿತ್ರಗಳ ಛಾಯಾಪ್ರತಿಗಳನ್ನು ತೂಗುಹಾಕಿದರು. ಬಂದೀಶಿಬಿರವಿದ್ದ ಊರಿನಲ್ಲಿಯೇ ೨೦೨೪ರಲ್ಲಿ ಇವುಗಳಿಗಾಗಿ ಒಂದು ಪ್ರದರ್ಶನಮಂದಿರವು ತೆರೆಯಿತು. ಮರೆಯನ್ನು ಎಳೆದವರು ಮರೆಯ ಹಿಂದೆ ಇರುವುದರ ಹೆಸರನ್ನು ಹೀಗೆ ಎಲ್ಲೆಡೆಯಲ್ಲಿಯೂ ಹೇಳಿಸುತ್ತ ಬಂದರು.

ನಮ್ಮ ಕನ್ನಡದಲ್ಲಿ ‘ಮರೆ’ ಎಂಬ ಒಂದೇ ಉಚ್ಚಾರಣೆಗೆ ಎರಡು ಅರ್ಥಗಳಿವೆ: ಒಂದು ತೆರೆ, ಮತ್ತೊಂದು ವಿಸ್ಮರಣೆ. ಶಬ್ದವು ಒಂದೇ ಆದುದರಿಂದ ಕೆಲಸವೂ ಒಂದೇ ಎಂದು ಭ್ರಮಿಸುವುದುಂಟು. ಕೊಲೆಗಾರರು ದಹನಗೃಹಗಳನ್ನು ಉಡಾಯಿಸಿದುದು ಜಗತ್ತು ಮರೆಯಲೆಂದು. ರಿಖ್ಟರರು ಬಣ್ಣವನ್ನು ಎಳೆದುದು ಮರೆಯಬಾರದೆಂದು. ಗರ್ಭಗುಡಿಯ ಮುಂದೆ ತೆರೆಯನ್ನು ಎಳೆದಾಗ ಒಳಗೆ ಯಾರೂ ಇಲ್ಲವೆಂದು ಯಾವ ಭಕ್ತನೂ ತಿಳಿಯುವುದಿಲ್ಲ. ಮೃತನ ದೇಹದ ಮೇಲೆ ವಸ್ತ್ರವನ್ನು ಹೊದಿಸುವುದು ಆತನನ್ನು ಅಲ್ಲಗಳೆಯುವುದಕ್ಕಲ್ಲ. ಮೊದಲನೆಯ ವಿಧದ ಮುಚ್ಚಿಕೆಯಲ್ಲಿ ಹೆಸರನ್ನೂ ಅಳಿಸುತ್ತಾರೆ. ಎರಡನೆಯದರಲ್ಲಿ ಹೆಸರನ್ನು ಉಳಿಸಿ ನೋಟವನ್ನು ಮಾತ್ರ ತಡೆಯುತ್ತಾರೆ. ಯಾವ ಅಮೂರ್ತಚಿತ್ರವನ್ನಾದರೂ ಪರೀಕ್ಷಿಸಲು ನಾವು ಬಳಸುವ ಒರೆಗಲ್ಲು ಇದೇ. ಕೆಳಗೆ ಏನೂ ಇಲ್ಲದೆ ಮೇಲೆ ಬಣ್ಣ ಬಳಿದುದಾದರೆ ಅದು ಚೆನ್ನಾದ ಗೋಡೆಯಷ್ಟೇ. ಅದನ್ನು ನೋಡಿ ಸಂತೋಷಪಡಬಹುದು, ಅಷ್ಟಕ್ಕೆ ಬಿಡಬಹುದು. ಕೆಳಗೆ ಭಾರವಾದುದೊಂದು ಇದ್ದು, ಅದರ ಭಾರಕ್ಕೆ ಮೇಲಣ ಬಣ್ಣವು ಕದಡಿದ್ದರೆ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಹೀಗೆಂದು ಈ ನಾಲ್ಕು ಚಿತ್ರಗಳು ಎಲ್ಲ ಆಕ್ಷೇಪಗಳನ್ನೂ ಗೆದ್ದುವೆಂದು ನಾವು ಹೇಳುವುದಿಲ್ಲ. ನಾಲ್ಕು ಚಿಕ್ಕ ಛಾಯಾಚಿತ್ರಗಳ ಆಸರೆಯಿಲ್ಲದೆ ಅವು ನಿಲ್ಲಲಾರವು. ಎರ್ರೇರಾ ಮಾಡಿದುದರ ಮುಂದೆ ರಿಖ್ಟರರು ಮಾಡಿದುದು ಚಿಕ್ಕದು. ಪ್ರಾಯಶಃ ಅದನ್ನು ಬಲ್ಲವರಾಗಿಯೇ ಅವರು ಅವುಗಳನ್ನು ಮಾರಾಟದಿಂದ ದೂರವಿರಿಸಿದರು. ೨೦೧೭ರಲ್ಲಿ ಅವರು ತೈಲಚಿತ್ರಗಳ ಕೆಲಸವನ್ನು ನಿಲ್ಲಿಸಿ, ಅನಂತರ ಕಾಗದದ ಮೇಲಣ ರೇಖಾಚಿತ್ರಗಳಲ್ಲಿ ತೊಡಗಿದರು.

ಜರ್ಮನಿಯ ಈ ಸಮಾಚಾರದಿಂದ ನಮ್ಮ ಗೃಹಸ್ಥರಿಗೆ ಆಗಬೇಕಾದುದೇನೆಂದು ಕೇಳುವವರುಂಟು. ಮರಿಯಾನೆಯಂಥವರು ಎಲ್ಲ ದೇಶಗಳ ಮನೆಗಳಲ್ಲಿಯೂ ಇರುತ್ತಾರೆ. ಬುದ್ಧಿ ಸ್ವಾಧೀನದಲ್ಲಿಲ್ಲದ ಅತ್ತೆ, ಮನೆಬಿಟ್ಟು ಹೋದ ಚಿಕ್ಕಪ್ಪ, ಅವಮಾನವನ್ನು ತಂದನೆಂದು ಹೆಸರೆತ್ತದೆ ಬಿಟ್ಟ ಮಗ—ಇಂಥವರ ಮಾತು ಬಂದಾಗ ಹಿರಿಯರು ಬೇರೆ ಮಾತನ್ನು ತೆಗೆಯುವರು. ಮಕ್ಕಳಿಗೆ ಎಲ್ಲವನ್ನೂ ಬಿಚ್ಚಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕೆಲವು ದುಃಖಗಳಿಗೆ ತೆರೆಯು ಬೇಕು, ವಯಸ್ಸಿಗೆ ತಕ್ಕಂತೆ,
ಕಾಲಕ್ಕೆ ತಕ್ಕಂತೆ ಅದನ್ನು ಸರಿಸಬೇಕು. ಆದರೆ ತೆರೆಯ ಹಿಂದೆ ಒಬ್ಬರಿದ್ದರೆಂಬುದನ್ನೇ ಅಳಿಸಿಬಿಡುವುದು ಮರ್ಯಾದೆಯಲ್ಲ. ಅದು ಸತ್ತವರಿಗೆ ಮತ್ತೊಮ್ಮೆ ಮಾಡುವ ಅನ್ಯಾಯ. ಅಳಿಸಿದವರ ಕೈಗಳೂ ಶುದ್ಧವಾಗಿ ಉಳಿಯವು. ಕಡಲತೀರದ ನಗುಮುಖವು ನಾಲ್ವತ್ತು ವರ್ಷಗಳಾದಮೇಲೂ ಮಾತನಾಡಿತೆಂಬುದನ್ನು ಮೇಲೆ ಹೇಳಿದ್ದೇವೆ.

ಆದುದರಿಂದ ಹಳೆಯ ಪೆಟ್ಟಿಗೆಯ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಛಾಯಾಚಿತ್ರವೊಂದು ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಗೋಡೆಗೆ ತೂಗುಹಾಕಲೇಬೇಕೆಂಬ ನಿರ್ಬಂಧವಿಲ್ಲ. ಬಟ್ಟೆಯು ಇರಲಿ. ಆದರೆ ಅದರ ಹಿಂಬದಿಯಲ್ಲಿ ಆ ವ್ಯಕ್ತಿಯ ಹೆಸರನ್ನೂ, ತಿಳಿದಿದ್ದರೆ ಹುಟ್ಟಿದ ವರ್ಷವನ್ನೂ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದಿಡಬೇಕು. ಮಕ್ಕಳು ದೊಡ್ಡವರಾದಾಗ ಒಮ್ಮೆಯಾದರೂ ಓದಿ ಹೇಳಬೇಕು.